ಬಸ್ಸಿಯ ಬೆನ್ನು

ಬಂಟ್ವಾಳ

ಯಾರ ಮನೆಯಲ್ಲಿ ಊಟಕ್ಕೆ ಕೂತರೂ ಬಟ್ಟಲನ್ನು ತಿರುಗಿಸಿ ಅಡಿ ನೋಡುವ ಕೆಟ್ಟ ಚಾಳಿ ನನ್ನದು. ಮದುವೆಯಾದ ಹೊಸತರಲ್ಲಿ ಮಾವನ ಮನೆಯ ಪಾಯಸದ ಬಟ್ಟಲನ್ನು ಹೀಗೆ ಎತ್ತಲು ಹೋಗಿ ಪಾಯಸವನ್ನೆಲ್ಲ ಮಡಿಲಿಗೆ ಸುರಿದುಕೊಂಡಿದ್ದೆ. ಹೆಂಡತಿ ಆ ಕಥೆಯನ್ನು ಈಗಲೂ ಹೊಸ ನೆಂಟರಿಗೆ ತಪ್ಪದೆ ಹೇಳುತ್ತಾಳೆ. ಏನು ಮಾಡಲಿ? ನಮ್ಮದು ಬಂಟ್ವಾಳದಲ್ಲಿ ಮದುವೆ ಮುಂಜಿಗಳಿಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಪಾತ್ರೆ ಯಾರದ್ದು ಎಂದು ಹೇಳುವುದು ಅದರ ಮುಖವಲ್ಲ, ಬೆನ್ನು.

ನಮ್ಮ ಪ್ರತಿಯೊಂದು ಪಾತ್ರೆಯ ಬೆನ್ನಿಗೂ ಅಪ್ಪ ಕೆಂಪು ಬಣ್ಣದಲ್ಲಿ ‘ಬಂ’ ಎಂದು ಬರೆದು ಪಕ್ಕದಲ್ಲಿ ಸಂಖ್ಯೆ ಹಾಕುತ್ತಿದ್ದರು. ಅಪ್ಪನ ‘ಬಂ’ದ ಸೊನ್ನೆ ಯಾವಾಗಲೂ ಸಾಲು ಬಿಟ್ಟು ಮೇಲಕ್ಕೆ ಹಾರಿರುತ್ತಿತ್ತು. ಚಿಕ್ಕಂದಿನಲ್ಲಿ ಅದನ್ನು ನೋಡಿ, ಅಕ್ಷರಕ್ಕೆ ಬಲೂನು ಕಟ್ಟಿದ್ದಾರೆ ಎಂದುಕೊಂಡಿದ್ದೆ. ಇನ್ನೊಂದು ಕ್ರಮವೂ ಇತ್ತು. ಪಾತ್ರೆಯೊಂದನ್ನು ಮಾರಿದರೆ ಅಥವಾ ಯಾರಿಗಾದರೂ ಕೊಟ್ಟುಬಿಟ್ಟರೆ ಅದರ ಸಂಖ್ಯೆಯ ಮೇಲೆ ಕಪ್ಪು ಬಣ್ಣದಲ್ಲಿ ಒಂದು ಅಡ್ಡ ಗೆರೆ. ಗೆರೆ ಬಿತ್ತೆಂದರೆ ಆ ಪಾತ್ರೆ ನಮ್ಮ ಕೈಯಾರೆ ಹೋದದ್ದು, ಅದನ್ನು ಇಟ್ಟುಕೊಂಡವನನ್ನು ಯಾರೂ ಕಳ್ಳ ಎನ್ನುವಂತಿಲ್ಲ. ಆ ಕಪ್ಪು ಕುಂಚವನ್ನು ಅಪ್ಪನ ಹೊರತು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

‘ಬಂ ೧’ ಎಂಬ ಗುರುತು ಇದ್ದದ್ದು ಒಂದು ಬಸ್ಸಿಗೆ. ನಮ್ಮ ಕಡೆ ಪಿಂಗಾಣಿ ತಟ್ಟೆಗೆ ಬಸ್ಸಿ ಎನ್ನುತ್ತೇವೆ. ಇದು ಸಾಮಾನ್ಯ ಬಸ್ಸಿಯಲ್ಲ. ಎರಡೂ ಕೈಯಲ್ಲಿ ಅಪ್ಪಿ ಹಿಡಿಯಬೇಕಾದಷ್ಟು ದೊಡ್ಡದು. ಬಿಳಿಯ ಮೇಲೆ ನೀಲಿ ಬಣ್ಣದ ಹೂಬಳ್ಳಿ, ನಡುವೆ ಬಾಲ ಉದ್ದದ ಒಂದು ಹಕ್ಕಿ. ಹಿಂದೆ ಯಾವುದೋ ಕಾಲದಲ್ಲಿ ಚೀನದಿಂದ ಹಡಗಿನಲ್ಲಿ ಬಂದದ್ದಂತೆ. ಬ್ಯಾರಿಗಳ, ಅಂದರೆ ನಮ್ಮ ಕರಾವಳಿಯ ಮುಸ್ಲಿಮರ, ಮದುವೆಯಲ್ಲಿ ಮದುಮಗನೂ ಅವನ ಗೆಳೆಯರೂ ಒಂದೇ ತಟ್ಟೆಯ ಸುತ್ತ ಕೂತು ತುಪ್ಪದನ್ನ ಉಣ್ಣುತ್ತಿದ್ದರು. ಆ ತಟ್ಟೆ ನಮ್ಮ ಬಸ್ಸಿಯೇ ಆಗಬೇಕೆಂದು ಮೂಡಬಿದ್ರೆಯಿಂದ ಬೆಳ್ತಂಗಡಿವರೆಗೆ ಹಟ. ಬಸ್ಸಿ ಬಿಡುವಾಗಿರುವ ದಿನ ವಿಚಾರಿಸಿ ಮದುವೆ ನಿಶ್ಚಯಿಸಿದವರೂ ಇದ್ದರು.

ಬಸ್ಸಿಯನ್ನು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿಟ್ಟು ಒಯ್ದು ತರುತ್ತಿದ್ದವರು ಅದ್ರಾಮಾಕ. ಮೂಡಬಿದ್ರೆ ಹತ್ತಿರದ ಪುತ್ತಿಗೆಯವರು, ಮದುವೆ ಅಡುಗೆಯಲ್ಲಿ ಎತ್ತಿದ ಕೈ. ಒಮ್ಮೆ ಬೆಳ್ತಂಗಡಿಯ ಮದುವೆಯಿಂದ ಅವರು ಪೆಟ್ಟಿಗೆ ತಂದು ಅಂಗಡಿಯಲ್ಲಿಟ್ಟು ಹೋದರು. ಕೆಲವು ವಾರ ಕಳೆದು ಮುಂದಿನ ಮದುವೆಗೆ ತೆರೆದರೆ ಒಳಗೆ ಬರೀ ಹುಲ್ಲು. ಅಪ್ಪ ದೂರು ಕೊಡಲಿಲ್ಲ, ಜಗಳಾಡಲಿಲ್ಲ. “ಕೊನೆಗೆ ತಂದದ್ದು ಅದ್ರಾಮ” ಎಂದರು, ಅಷ್ಟೇ. ಊರಿಗೆ ಅಷ್ಟು ಸಾಕಾಯಿತು. ಅಂದಿನಿಂದ ಅವರು ಬಸ್ಸಿ ಅದ್ರಾಮ.

ಅಪ್ಪ ಅವರನ್ನು ಕೆಲಸಕ್ಕೆ ಕರೆಯುವುದನ್ನು ಬಿಡಲಿಲ್ಲ. ಪ್ರತಿ ವರ್ಷ ಒಳ್ಳೆಯ ಹಲಸಿನಹಣ್ಣು ಅವರ ಮನೆಗೆ ಹೋಗುತ್ತಿತ್ತು. ಅಪ್ಪ ಎಂಥ ದೊಡ್ಡ ಮನಸ್ಸಿನವರು ಎಂದು ನಾನು ಹೆಮ್ಮೆಪಡುತ್ತಿದ್ದೆ. ಅಪ್ಪ ತೀರಿಕೊಂಡು ಅಂಗಡಿ ನನ್ನ ಕೈಗೆ ಬಂದ ಮೇಲೂ ಅದ್ರಾಮಾಕ ಕಂಡಾಗಲೆಲ್ಲ ನಾನು ಕೇಳುತ್ತಿದ್ದದ್ದು ಒಂದೇ. “ಬಸ್ಸಿ ಎಲ್ಲಿ ಅದ್ರಾಮಾಕ?” ಅವರು ನಗುತ್ತಿದ್ದರು. ಮೂವತ್ತು ವರ್ಷ ನಕ್ಕರು. ಅವರೇ ನಗುತ್ತಾರಲ್ಲ ಎಂದು ನಾನೂ ಬಿಡಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಮರುವರ್ಷ ಅವರ ಮಗ ಹನೀಫ್ ಮಲೇಷ್ಯಾದ ಮಲಾಕ್ಕಾ ಎಂಬ ಊರಿನಲ್ಲಿ ಸ್ವಂತ ಹೋಟೆಲು ತೆರೆಯುವುದೆಂದಾಯಿತು. ಮೊದಲ ದಿನದ ತುಪ್ಪದನ್ನ ಬಾಪನ ಕೈಯದ್ದೇ ಆಗಬೇಕು ಎಂದ. ಅದ್ರಾಮಾಕ ಹಟ ಹಿಡಿದರು: ನಾನು ಬೇಯಿಸುವುದಾದರೆ ಬಂಟ್ವಾಳದ ತಾಮ್ರದ ಕೊಪ್ಪರಿಗೆಯಲ್ಲೇ, ಮತ್ತು ಆ ಕೊಪ್ಪರಿಗೆಯ ಜೊತೆ ಶೇಖರ ಬರಬೇಕು. ಶೇಖರ ಎಂದರೆ ನಾನು. ಇಂಗ್ಲಿಷಿನಲ್ಲಿ ಎಸ್ಸೆಸ್ಸೆಲ್ಸಿ ದಾಟಿದವನು ತಮ್ಮ ಪರಿಚಯದಲ್ಲಿ ನಾನೊಬ್ಬನೇ ಎಂಬುದು ಅವರ ನಂಬಿಕೆ. ನಾವಿಬ್ಬರು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಅದಕ್ಕೆ ಕನ್ನಡದ ಅಂಗಿ ತೊಡಿಸಿದ್ದೇನೆ.

ಆಕಾಶ

ವಿಮಾನ ಮೇಲೇರುವಾಗ ಅದ್ರಾಮಾಕ ಕಣ್ಣು ಮುಚ್ಚಿ ಪ್ರಾರ್ಥಿಸಿದರು. ನಾನು ಕಣ್ಣು ಮುಚ್ಚಿ ಅವರ ಕೈ ಹಿಡಿದುಕೊಂಡೆ. ಊಟ ಬಂದದ್ದೇ ಇಬ್ಬರಿಗೂ ಜೀವ ಬಂತು. ಅವರು ಅನ್ನದ ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ, ಗಗನಸಖಿಗೆ ತುಳುವಿನಲ್ಲೇ “ನೀರು ಹೆಚ್ಚಾಗಿದೆ ಮಗಳೇ” ಎಂದರು. ಆಕೆ ಮುಗುಳ್ನಕ್ಕು ಇನ್ನೊಂದು ಲೋಟ ನೀರು ತಂದುಕೊಟ್ಟಳು.

ನಾನು ಸುಮ್ಮನಿರಬೇಕಿತ್ತು. ಕಾಫಿಯ ಬಟ್ಟಲು ಯಾರದ್ದೆಂದು ನೋಡುವ ಆಸೆ ತಡೆಯಲಾಗಲಿಲ್ಲ. ಎತ್ತಿ ಓರೆ ಮಾಡಿದೆ. ಕಾಫಿ ಅದ್ರಾಮಾಕನ ಹೊಸ ಬಿಳಿ ಮುಂಡಿನ ಮೇಲೆ ಹರಿಯಿತು.

“ಎಂತ ಮಾರಾಯ ಇದು! ಬಸ್ಸಿ ಹುಡುಕುವುದಾದ್ರೆ ನನ್ನ ಮುಂಡಿನ ಮೇಲೆ ಎಂತಕ್ಕೆ?” ಎಂದರು. ನಾನು ನಕ್ಕೆ. ಅವರೂ ನಕ್ಕರು.

ಕೌಲಾಲಂಪುರದ ತಪಾಸಣೆ

ಎಲ್ಲರ ಪೆಟ್ಟಿಗೆಗಳು ಮರ್ಯಾದೆಯಿಂದ ಸಾಗುತ್ತಿದ್ದ ಪಟ್ಟಿಯ ಮೇಲೆ ನಮ್ಮ ಕೊಪ್ಪರಿಗೆ ಗೋಣಿ ಸುತ್ತಿಕೊಂಡು ಉರುಳುತ್ತ ಬಂತು. ಜನ ಎರಡು ಹೆಜ್ಜೆ ಹಿಂದೆ ಸರಿದರು. ತಲೆಗೆ ವಸ್ತ್ರ ಸುತ್ತಿಕೊಂಡಿದ್ದ ಅಧಿಕಾರಿಣಿಯೊಬ್ಬರು ನಮ್ಮನ್ನು ಬದಿಗೆ ಕರೆದು, ಇದೇನು ಎಂದು ಕೇಳಿದರು. ಕೊಪ್ಪರಿಗೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ನನಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ.

ಅದ್ರಾಮಾಕ ಮುಂದೆ ಬಂದರು. ಮುಂಡು ಎತ್ತಿ ಕಟ್ಟಿದರು. ಇಲ್ಲದ ಒಲೆಗೆ ಇಲ್ಲದ ಸೌದೆ ತುರುಕಿ, ಊದಿ, ಹೊಗೆಗೆ ಕಣ್ಣು ಕಿರಿದು ಮಾಡಿ, ಇಲ್ಲದ ತುಪ್ಪ ಸುರಿದು, ಎರಡೂ ಕೈಯಲ್ಲಿ ಉದ್ದದ ಸಟ್ಟುಗ ಹಿಡಿದಂತೆ ಗಿರಗಿರ ತಿರುಗಿಸಿದರು. ಕೊನೆಗೆ ಮೂಗಿನ ಹತ್ತಿರ ಬೆರಳು ಒಯ್ದು ಆಹಾ ಎಂದರು. ಅಷ್ಟು ಹೊತ್ತಿಗೆ ನಾಲ್ಕೈದು ಅಧಿಕಾರಿಗಳು ಸೇರಿದ್ದರು. ಒಬ್ಬಾತನಿಗೆ ನಿಜವಾಗಿಯೂ ಬಾಯಲ್ಲಿ ನೀರೂರಿತ್ತು.

ಅಧಿಕಾರಿಣಿ ಕೊಪ್ಪರಿಗೆಯನ್ನು ಬೋರಲು ಹಾಕಿಸಿ ಅಡಿ ನೋಡಿದರು. ನನಗೆ ಅವರ ಮೇಲೆ ತಟ್ಟನೆ ಗೌರವ ಮೂಡಿತು, ನಮ್ಮ ಕಸುಬಿನ ಬುದ್ಧಿಯೇ ಇವರದ್ದೂ. ‘ಬಂ ೧೭’ರ ಮೇಲೆ ಬೆರಳಿಟ್ಟು ಇದೇನು ಎಂದರು. “ಮೈ ಫಾದರ್ ಹ್ಯಾಂಡ್‌ರೈಟಿಂಗ್” ಎಂದೆ. ಅಷ್ಟಕ್ಕೇ ಬಿಟ್ಟುಬಿಟ್ಟರು.

ಮಲಾಕ್ಕಾ, ಮೊದಲ ದಿನ

ಮಲಾಕ್ಕಾ ನೋಡಿ ನನಗೆ ಸ್ವಲ್ಪ ನಿರಾಸೆಯೇ ಆಯಿತು. ಇಷ್ಟು ದೂರ ಹಾರಿ ಬಂದರೆ ಮತ್ತೆ ಅದೇ ತೆಂಗಿನಮರ, ಅದೇ ಕೆಂಪು ಹಂಚು, ಅದೇ ಬೆವರು. ಊರ ನಡುವೆ ಒಂದು ಹೊಳೆ, ನಮ್ಮ ನೇತ್ರಾವತಿಯ ಮುಂದೆ ಅದೊಂದು ಸಣ್ಣ ತೋಡು. ಮಾರುಕಟ್ಟೆಯಲ್ಲಿ ಹಲಸಿನ ತಮ್ಮನಂಥ ಒಂದು ಹಣ್ಣನ್ನು ತೋರಿಸಿದರು. ತಿಂದು ನೋಡಿ, ಅಣ್ಣನೇ ಮೇಲು ಎಂದು ತೀರ್ಮಾನಿಸಿದೆವು.

ಆದರೆ ಆ ಜನರ ನಯ ನಮ್ಮಲ್ಲಿಲ್ಲ. ಅಲ್ಲಿ ಚಹಾ ಮಾಡುವವ ಚಹಾವನ್ನು ಒಂದು ಮಾರು ಎತ್ತರದಿಂದ ಸುರಿದು, ಒಂದು ಹನಿಯನ್ನೂ ಚೆಲ್ಲದೆ ಹಿಡಿದು, ನಮ್ಮ ಮುಂದಿಟ್ಟು, ಎದೆ ಮುಟ್ಟಿಕೊಂಡು ತಲೆ ಬಾಗುತ್ತಾನೆ. ನಾನು ಕನ್ನಡಿ ಕಪಾಟಿನಲ್ಲಿದ್ದ ತಿಂಡಿಯೊಂದನ್ನು ಬೆರಳು ಚಾಚಿ ತೋರಿಸಿದಾಗ ಹನೀಫ್ ಮೆತ್ತಗೆ ನನ್ನ ಕೈ ಇಳಿಸಿದ.

“ಶೇಖರಣ್ಣ, ಇಲ್ಲಿ ತೋರುಬೆರಳಲ್ಲಿ ತೋರಿಸಬಾರದು. ಮರ್ಯಾದೆ ಇಲ್ಲದ ಹಾಗೆ ಆಗ್ತದೆ. ಮುಷ್ಟಿ ಹಿಡಿದು ಹೆಬ್ಬೆರಳಲ್ಲಿ ತೋರಿಸುವುದು.”

“ನಮ್ಮಲ್ಲಿ ಹೆಬ್ಬೆರಳು ತೋರಿಸಿದ್ರೆ ಹೊಡೀತಾರೆ ಮಾರಾಯ.”

“ಇಲ್ಲಿ ಅದೇ ಮರ್ಯಾದೆ.”

ಸಂಜೆವರೆಗೆ ನಾನು ಕಂಡಕಂಡದ್ದಕ್ಕೆಲ್ಲ ಹೆಬ್ಬೆರಳು ತೋರಿಸುತ್ತ ಹೋದೆ. ದಾರಿ, ಗುಡಿ, ಮಸೀದಿ, ನಾಯಿ. ಅದ್ರಾಮಾಕ ಬೇಸತ್ತು, ಊರಿಗೆ ಹೋಗುವ ಮೊದಲು ಈ ಅಭ್ಯಾಸ ಇಲ್ಲೇ ಬಿಟ್ಟು ಬಾ ಎಂದರು.

ಎರಡನೇ ದಿನ, ಅಜ್ಜಿಯ ಅಂಗಡಿ

ಹನೀಫ್‌ನ ಹೋಟೆಲಿನಿಂದ ಎರಡು ತಿರುವು ದಾಟಿದರೆ ಹಳೇ ಸಾಮಾನಿನ ಅಂಗಡಿಗಳ ಬೀದಿ. ಅದರಲ್ಲೊಂದರ ಕಿಟಕಿಯ ತುಂಬ ಬಿಳಿ ನೀಲಿ ಪಿಂಗಾಣಿ. ನನ್ನ ಕಾಲು ತಾನಾಗಿ ಒಳಗೆ ಹೋಯಿತು. ಅಂಗಡಿಯ ಒಡತಿ ಎಪ್ಪತ್ತು ದಾಟಿದ ಚೀನೀ ಅಜ್ಜಿ, ನಮ್ಮ ಲುಂಗಿಯಂಥ ಹೂವಿನ ಬಟ್ಟೆ ಉಟ್ಟು ಬೀಸಣಿಗೆ ಬೀಸುತ್ತ ಕೂತಿದ್ದರು. ಅವರ ಇಂಗ್ಲಿಷ್ ಮತ್ತು ನನ್ನ ಇಂಗ್ಲಿಷಿನ ನಡುವೆ ಹನೀಫ್ ಸೇತುವೆಯಾದ.

ನಾನು ಒಂದು ತಟ್ಟೆ ಎತ್ತಿದವನೇ ಮುಖ ನೋಡದೆ ತಿರುಗಿಸಿ ಬೆನ್ನು ನೋಡಿದೆ. ಇನ್ನೊಂದು ಎತ್ತಿದೆ, ತಿರುಗಿಸಿದೆ. ಅಜ್ಜಿಯ ಬೀಸಣಿಗೆ ನಿಂತಿತು. ಹನೀಫ್‌ನ ಕಿವಿಯಲ್ಲಿ ಏನೋ ಕೇಳಿದರು.

“ನೀವು ದೊಡ್ಡ ಪರಿಣತರಾ ಅಂತ ಕೇಳ್ತಾ ಇದ್ದಾರೆ. ಬೇರೆಯವರು ಬಂದ್ರೆ ಹೂವು ಹಕ್ಕಿ ನೋಡ್ತಾರಂತೆ. ಗೊತ್ತಿದ್ದವರು ಮಾತ್ರ ಮೊದಲು ಅಡಿ ನೋಡುವುದಂತೆ.”

“ಹೌದು ಅಂತ ಹೇಳು” ಎಂದೆ. ಇಂಥ ಅವಕಾಶ ಜೀವನದಲ್ಲಿ ಎಷ್ಟು ಸಲ ಸಿಗುತ್ತದೆ?

ನನಗೆ ಕುರ್ಚಿ ಬಂತು, ಚಹಾ ಬಂತು. ಒಳಗಿನ ಕಪಾಟು ತೆರೆಯಿತು. ಅಜ್ಜಿ ಒಂದೊಂದೇ ತಟ್ಟೆ ತಂದು ಬೋರಲು ಇಡುವುದು, ನಾನು ಕನ್ನಡಕ ಏರಿಸಿ ‘ಹೂಂ’ ಎನ್ನುವುದು. ಅವರು ಹೇಳಿದ್ದನ್ನು ಹನೀಫ್ ತಿಳಿಸುತ್ತ ಹೋದ. ಇವೆಲ್ಲ ಚೀನದ ಕಡಲತೀರದಲ್ಲಿ ಪಿಂಗಾಣಿ ಸುಡುವ ಗೂಡುಗಳಲ್ಲಿ ಹೊರದೇಶಕ್ಕೆಂದೇ ಮಾಡಿದವು, ಅರಮನೆಗಲ್ಲ, ಹಡಗಿಗೆ. ರಾಶಿ ರಾಶಿ ಮಾಡಿ, ಅವಸರದಲ್ಲಿ ಹೂ ಬರೆದು, ಒಂದರೊಳಗೊಂದು ಜೋಡಿಸಿ ಕಳಿಸುತ್ತಿದ್ದರು. ಹಡಗು ಎಲ್ಲಿ ನಿಂತರೆ ಅಲ್ಲಿನವರ ಊಟದ ತಟ್ಟೆ. ದೊಡ್ಡ ತಟ್ಟೆಗಳು ಒಟ್ಟಿಗೆ ಕೂತು ಉಣ್ಣುವವರಿಗೆಂದೇ ಮಾಡಿದವು.

ಆಮೇಲೆ ಅಜ್ಜಿ ಒಂದು ತಟ್ಟೆಯ ಅಡಿಯ ಉಂಗುರಕ್ಕೆ ನನ್ನ ಬೆರಳು ತಾಗಿಸಿದರು. ಮರಳು! ಒರಟು ಮರಳಿನ ಕಣ ಪಿಂಗಾಣಿಗೇ ಅಂಟಿ ಗಟ್ಟಿಯಾಗಿದೆ. ಗೂಡಿನಲ್ಲಿ ತಟ್ಟೆಯನ್ನು ಮರಳಿನ ಮೇಲಿಟ್ಟು ಸುಡುತ್ತಿದ್ದರಂತೆ, ಆ ಮರಳು ಜನ್ಮದಲ್ಲಿ ಹೋಗುವುದಿಲ್ಲವಂತೆ.

ನಾನು ಹೊರಗೆ ಜಗಲಿಯಲ್ಲಿ ಕೂತಿದ್ದ ಅದ್ರಾಮಾಕನನ್ನು ಕೂಗಿದೆ. ಯಾಕೆಂದರೆ ನಮ್ಮ ಬಸ್ಸಿಯ ಅಡಿಯಲ್ಲೂ ಹೀಗೇ ಮರಳಿತ್ತು. ಅದ್ರಾಮ ನೇತ್ರಾವತಿಯ ಹೊಯ್ಗೆಯಲ್ಲಿ ಬಸ್ಸಿ ತಿಕ್ಕಿ ಹಾಳು ಮಾಡಿದ್ದಾನೆ ಎಂದು ಅಪ್ಪ ಬೈಯುತ್ತಿದ್ದರು. ಅದನ್ನು ತೆಗೆಯಲು ಇವರು ತೆಂಗಿನ ನಾರಿನಲ್ಲಿ ತಿಕ್ಕಿ ತಿಕ್ಕಿ ಉಗುರು ಸವೆಸಿಕೊಂಡಿದ್ದರು.

ಅದ್ರಾಮಾಕ ಬೆರಳಾಡಿಸಿ ನೋಡಿದರು. ಮತ್ತೆ ನೋಡಿದರು. ಮುಖ ಅರಳಿತು. “ಚೀನದ ಹೊಯ್ಗೆ! ಶೇಖರ, ಒಂದು ಕೇಸು ಖುಲಾಸೆ ಆಯ್ತು ಮಾರಾಯ” ಎಂದು ಜಗಲಿಗೆ ಮರಳಿ, ದಾರಿಹೋಕರನ್ನೆಲ್ಲ ನೋಡಿ ನಗುತ್ತ ಕೂತರು.

ಕೊನೆಗೆ ಅಜ್ಜಿ ಒಳಕೋಣೆಯಿಂದ ಒಂದು ದೊಡ್ಡ ತಟ್ಟೆಯನ್ನು ಅಪ್ಪಿಕೊಂಡು ತಂದರು. ಇದು ಮಾರುವುದಕ್ಕಲ್ಲ, ನಿಮ್ಮಂಥವರಿಗೆ ತೋರಿಸಲಿಕ್ಕೆ ಎಂದರು. ತೀರಿಕೊಂಡ ಅವರ ಗಂಡ ಇದನ್ನು ಬಹಳ ಹಿಂದೆ ಕೊಚ್ಚಿಯ ವ್ಯಾಪಾರಿಯಿಂದ ತಂದದ್ದಂತೆ. ಬೆನ್ನಿನಲ್ಲಿ ಯಾರಿಗೂ ಓದಲಾಗದ ಬರಹವಿದೆ. ಬರ್ಮಾದ್ದೋ ಸಯಾಮಿನದ್ದೋ ಯಾವುದೋ ಹಳೆಯ ಹಡಗು ಕಂಪೆನಿಯ ಗುರುತಿರಬೇಕೆಂದು ತಿಳಿದವರೊಬ್ಬರು ಹೇಳಿದ್ದಾರೆ. ಹಾಗೆಂದು ಒಂದು ಚೀಟಿಯನ್ನೂ ಅಂಟಿಸಿದ್ದರು.

ತಿರುಗಿಸಿದೆ. ಕೆಂಪು ಬಣ್ಣ ಮಾಸಿತ್ತು. ಆದರೆ ‘ಬಂ’ ಇತ್ತು, ಅದರ ಸೊನ್ನೆ ಬಲೂನಿನ ಹಾಗೆ ಮೇಲಕ್ಕೆ ಹಾರಿತ್ತು.

“ಅದ್ರಾಮಾಕ!” ಎಂದು ಕಿರುಚಿದೆ. ಅಜ್ಜಿಯ ಚಹಾ ಚೆಲ್ಲಿತು. ಪಕ್ಕದ ಸಂಖ್ಯೆಯ ಮೇಲಿನ ಧೂಳನ್ನು ಬೆರಳಿಂದ ಒರೆಸಿದೆ. ‘೧’ ಕಾಣಿಸಿತು. ಅದರ ಮೇಲೆ ಒಂದು ಅಡ್ಡ ಗೆರೆಯೂ ಕಾಣಿಸಿತು. ಕಪ್ಪು ಗೆರೆ. ಎಡದಲ್ಲಿ ದಪ್ಪ, ಬಲಕ್ಕೆ ಹೋಗುತ್ತ ತೆಳು, ಅಪ್ಪ ಎಳೆಯುತ್ತಿದ್ದ ಹಾಗೇ.

ಅದ್ರಾಮಾಕ ಓಡಿ ಬಂದರು. ಅಷ್ಟರಲ್ಲಿ ನನ್ನ ಹೆಬ್ಬೆರಳು ಹೋಗಿ ಆ ಸಂಖ್ಯೆಯ ಮೇಲೆ ಕೂತಿತ್ತು. ನಾನು ಇಟ್ಟದ್ದಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಅವರು ಹಕ್ಕಿ ನೋಡಿದರು, ಮರಳು ಮುಟ್ಟಿದರು, ‘ಬಂ’ ನೋಡಿದರು. ಅವರು ಕುಣಿಯುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಬಿಳಿಚಿಕೊಂಡಿತು. ಬಸ್ಸಿಯನ್ನು ಬಿಟ್ಟು ಮಗನನ್ನು ನೋಡಿದರು. ಹನೀಫ್ ನೆಲ ನೋಡುತ್ತಿದ್ದ.

“ಹೋಗುವ ಶೇಖರಣ್ಣ. ಹೋಟೆಲಿಗೆ ಹೊತ್ತಾಯ್ತು” ಎಂದ ಹನೀಫ್.

ಅದೇ ಸಂಜೆ, ಹೊಳೆದಂಡೆ

ಹೊಳೆಯ ದಂಡೆಯ ಕಟ್ಟೆಯಲ್ಲಿ ಅದ್ರಾಮಾಕ ಒಬ್ಬರೇ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಎದುರಿನ ಹಂಚಿನ ಮನೆಗಳನ್ನು ನೋಡುತ್ತ, ನನ್ನತ್ತ ತಿರುಗದೆ ಕೇಳಿದರು.

“ಊರಲ್ಲಿ ಇದನ್ನು ಹೇಳ್ತೀಯಾ?”

“ಎಂತ ಹೇಳುವುದು?”

“ಬಸ್ಸಿ ಇದ್ದದ್ದು ಮಲಾಕ್ಕಾದಲ್ಲಿ. ಅದ್ರಾಮನ ಮಗ ಇರುವುದೂ ಮಲಾಕ್ಕಾದಲ್ಲಿ. ಇನ್ನು ಯಾರಿಗೆ ಬೇಕು ಸಾಕ್ಷಿ? ಇಷ್ಟು ವರ್ಷ ಬಾಯಿಮಾತು ಇತ್ತು. ಇನ್ನು ಬಸ್ಸಿಯೇ ಸಿಕ್ಕಿದ ಹಾಗೆ ಆಯ್ತಲ್ಲ.”

ಅವರು ಮುಂದುವರಿಸಿದರು.

“ಹನೀಫ್ ಊರು ಬಿಟ್ಟದ್ದು ಎಂತಕ್ಕೆ ಗೊತ್ತುಂಟಾ? ಶಾಲೆಯಲ್ಲಿ ಅವನಿಗೂ ಬಸ್ಸಿ ಅಂತಲೇ ಹೆಸರು. ಯಾರದ್ದು ಪೆನ್ಸಿಲು ಕಾಣೆಯಾದ್ರೂ ಮೊದಲು ಅವನ ಚೀಲ ನೋಡುವುದು. ಹದಿನೆಂಟು ತುಂಬಿದ್ದೇ ತಡ, ಬಾಪ ನಾನು ಈ ಹೆಸರಿಲ್ಲದ ಊರಿಗೆ ಹೋಗ್ತೇನೆ ಅಂದ. ಈಗ ಹೋಟೆಲಿಗೆ ಬೋರ್ಡು ಬರೆಸಿದ್ದಾನೆ. ಇನ್ನು ಅಲ್ಲಿಗೂ ಬಸ್ಸಿ ಹೆಸರು ಬಂತು.”

“ನೀವು ಯಾವಾಗಲೂ ನಗ್ತಿದ್ರಲ್ಲ ಅದ್ರಾಮಾಕ” ಎಂದೆ. ಎಂಥ ದಡ್ಡ ಮಾತು ಎಂದು ಆಡುವಾಗಲೇ ಗೊತ್ತಾಯಿತು.

“ನಗದಿದ್ರೆ ಕದ್ದವ ಅಂತ ಆಗ್ತಿತ್ತು ಮಾರಾಯ. ನಕ್ಕರೆ ಬರೀ ತಮಾಷೆ ಅಂತ ಆದ್ರೂ ಆಗ್ತದಲ್ಲ.”

ಅವರು ಎದ್ದು ನಾಳೆಯ ಅಕ್ಕಿ ಆರಿಸಲು ಹೋದರು. ನಾನು ಅಲ್ಲೇ ಉಳಿದೆ. ಬಸ್ಸಿ ಕಾಣೆಯಾದ ವರ್ಷ ಏನೇನಾಗಿತ್ತೆಂದು ನೆನಪಿಸಿಕೊಂಡೆ. ನಾನು ಉಜಿರೆಯ ಹಾಸ್ಟೆಲಿನಲ್ಲಿದ್ದೆ. ರಜೆಗೆ ಬಂದಾಗ ನಮ್ಮ ಅಂಗಡಿಯ ಮುಂದೆ ಜನ ಸೇರಿತ್ತು. ಬಂಟ್ವಾಳಕ್ಕೇ ಮೊದಲೆನ್ನುವಂತೆ ಮೂಟೆ ಮೂಟೆ ಸ್ಟೀಲಿನ ಬಟ್ಟಲುಗಳು ಬಂದಿಳಿದಿದ್ದವು, ಕನ್ನಡಿಯ ಹಾಗೆ ಹೊಳೆಯುವ ಬಟ್ಟಲುಗಳು. ನಮ್ಮ ಅಂಗಡಿ ಹೆಸರು ಮಾಡಿದ್ದೇ ಅವುಗಳಿಂದ. ಅಷ್ಟೊಂದು ಸ್ಟೀಲಿಗೆ ದುಡ್ಡು ಎಲ್ಲಿಂದ ಬಂತು ಎಂದು ನಾನು ಕೇಳಿರಲಿಲ್ಲ. ಊರಿನ ಮದುವೆಗಳ ಬಸ್ಸಿಯನ್ನು ನಾನೇ ಮಾರಿದೆ ಎಂದು ಹೇಳಲು ಅಪ್ಪನಿಗೆ ನಾಚಿಕೆಯಾಗಿರಬೇಕು. ಹಲಸಿನಹಣ್ಣು ಯಾಕೆ ಹೋಗುತ್ತಿತ್ತೆಂದೂ ಈಗ ಅರ್ಥವಾಯಿತು. ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ನನ್ನ ಹೆಬ್ಬೆರಳಿನ ಮೇಲೆ ಬಂತು. ಅಪ್ಪ ಸುಳ್ಳು ಹೇಳುವಾಗ ಹೆದರಿದ್ದಿರಬಹುದು, ನಾನು ಯಾವ ಹೆದರಿಕೆಯೂ ಇಲ್ಲದೆ ಮುಚ್ಚಿಟ್ಟಿದ್ದೆ.

ಮೂರನೇ ದಿನ, ಹೋಟೆಲಿನ ಆರಂಭ

ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಹೋಗಿ ಅಜ್ಜಿಯ ಬಾಗಿಲು ತಟ್ಟಿದೆ. ಅದ್ರಾಮಾಕ ಬರುವುದಿಲ್ಲ ಎಂದಿದ್ದರು. ಕೊಪ್ಪರಿಗೆ ವಾಪಸ್ಸು ಒಯ್ಯುತ್ತೇನೆ ಎಂದು ಹೆದರಿಸಿ ಕರೆತಂದಿದ್ದೆ. ಹನೀಫ್ ಮುಖ ಗಂಟಿಕ್ಕಿಕೊಂಡು ಹಿಂದೆ ನಿಂತಿದ್ದ.

ಬಸ್ಸಿಯನ್ನು ಮೇಜಿನ ಮೇಲೆ ಬೋರಲು ಇಟ್ಟೆ. ಬಲಗೈ ಮುಷ್ಟಿ ಹಿಡಿದು, ಆ ಊರಿನ ಮರ್ಯಾದೆಯ ಪ್ರಕಾರ, ಹೆಬ್ಬೆರಳಿನಲ್ಲಿ ಸಂಖ್ಯೆಯನ್ನು ತೋರಿಸಿದೆ.

“ಅದ್ರಾಮಾಕ, ಕನ್ನಡಕ ಹಾಕಿ ನೋಡಿ.”

ಅವರು ಬಗ್ಗಿದರು. ತುಂಬ ಹೊತ್ತು ಬಗ್ಗಿಯೇ ಇದ್ದರು. ನಮ್ಮ ಅಂಗಡಿಯ ಪಾತ್ರೆ ಹೊತ್ತು ತಲೆ ನರೆದವರಿಗೆ ಆ ಗೆರೆಯ ಅರ್ಥ ವಿವರಿಸಬೇಕಾಗಿರಲಿಲ್ಲ. ಅವರ ಬೆರಳು ಗೆರೆಯ ಮೇಲೆ ಎಡದಿಂದ ಬಲಕ್ಕೆ ಹೋಯಿತು.

“ಸಂಜೀವಣ್ಣನ ಗೆರೆ” ಎಂದರು. ಸಂಜೀವ ನನ್ನ ಅಪ್ಪನ ಹೆಸರು.

“ಹೌದು. ಮಾರಿದ್ದು ಅಪ್ಪ. ನಿನ್ನೆಯೇ ನೋಡಿದ್ದೆ. ಬೆರಳಲ್ಲಿ ಮುಚ್ಚಿದೆ.”

ಹನೀಫ್‌ಗೆ ಗೆರೆಯ ಕ್ರಮ ಗೊತ್ತಿರಲಿಲ್ಲ. ತಂದೆ ಬ್ಯಾರಿ ಭಾಷೆಯಲ್ಲಿ ನಾಲ್ಕು ಮಾತು ಹೇಳಿದರು. ಅವನು ನನ್ನನ್ನು ನೋಡಿದ. ಹೊಡೆದರೂ ಹೊಡೆದಾನು ಅನ್ನಿಸಿತು, ಹೊಡೆದಿದ್ದರೆ ನ್ಯಾಯವೇ. ಅವನು ಬಂದು ತಂದೆಯ ಹೆಗಲ ಮೇಲೆ ತಲೆಯಿಟ್ಟ. ನಲವತ್ತು ಸಮೀಪಿಸಿದ ಗಂಡಸು ಬಿಕ್ಕಿದ. ನನಗೂ ತಡೆಯಲಾಗಲಿಲ್ಲ. ಏನೂ ಅರ್ಥವಾಗದ ಅಜ್ಜಿ ಮೂವರಿಗೂ ಚಹಾ ತರಲು ಓಡಿದರು.

ಚಹಾ ಕುಡಿದ ಮೇಲೆ ಹನೀಫ್ ಅಜ್ಜಿಗೆ ವಿಷಯ ತಿಳಿಸಿದ. ಬರ್ಮಾದ ಹಡಗು ಕಂಪೆನಿ ಎಂದರೆ ಬಂಟ್ವಾಳದ ಪಾತ್ರೆ ಬಾಡಿಗೆಯ ಅಂಗಡಿ, ಅದರ ಈಗಿನ ಮಾಲೀಕ ನಿನ್ನೆ ಚಹಾ ಚೆಲ್ಲಿಸಿದ ಮಹಾ ಪರಿಣತ ಎಂದು ಕೇಳಿ ಅಜ್ಜಿ ಬೀಸಣಿಗೆಯಿಂದ ಮುಖ ಮುಚ್ಚಿಕೊಂಡು ನಕ್ಕರು. ಹಳೆಯ ಚೀಟಿ ಕಿತ್ತು, ಹೊಸ ಚೀಟಿಯಲ್ಲಿ ನನ್ನಿಂದಲೇ ಬಂಟ್ವಾಳ ಎಂದು ಬರೆಸಿಕೊಂಡರು. ನಾನು ಬಸ್ಸಿಯನ್ನು ಕೊಡುತ್ತೀರಾ ಎಂದು ಕೇಳಿದೆ. ಗಂಡ ತಂದದ್ದು, ಕೊಡುವುದಿಲ್ಲ ಎಂದರು. ಆಮೇಲೆ ಏನೋ ಯೋಚಿಸಿ, ಆದರೆ ಇವತ್ತು ಊಟಕ್ಕೆ ತರುತ್ತೇನೆ ಎಂದರು.

ತಂದರು. ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಸೈಕಲ್ ರಿಕ್ಷಾದಲ್ಲಿ ಕೂತು, ತಾವೇ ಹೊತ್ತು ತಂದರು. ಅದ್ರಾಮಾಕ ಕೊಪ್ಪರಿಗೆಯ ಮುಚ್ಚಳ ತೆಗೆದಾಗ ಬೀದಿಯ ತುದಿಯವರೆಗೆ ತುಪ್ಪದ ಪರಿಮಳ ಹೋಯಿತು. ಬಸ್ಸಿಯ ಹಕ್ಕಿಯ ಮೇಲೆ ಅನ್ನದ ರಾಶಿ ಬಿತ್ತು. ಸುತ್ತ ಹನೀಫ್, ಅವನ ಕೆಲಸದವರು, ಬಂದವರು, ನಾನು. ಅಜ್ಜಿಯೂ ಕೈ ಹಾಕಿದರು. ಉಂಡು ಉಂಡು ಹಕ್ಕಿಯ ಬಾಲ ಕಾಣಿಸಿದಾಗ ಅದ್ರಾಮಾಕ ಸಣ್ಣ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

ಹೊರಡುವ ಮೊದಲು ನಾನು ಹನೀಫ್‌ನಿಂದ ಕಪ್ಪು ಬಣ್ಣ ತರಿಸಿದೆ. ಕೊಪ್ಪರಿಗೆಯನ್ನು ಬೋರಲು ಹಾಕಿ ‘೧೭’ರ ಮೇಲೆ ಒಂದು ಗೆರೆ ಎಳೆದೆ. ಕಪ್ಪು ಕುಂಚ ಹಿಡಿದದ್ದು ಅದೇ ಮೊದಲು, ಗೆರೆ ಸೊಟ್ಟಗಾಯಿತು. “ಇನ್ನು ಇದು ನಿನ್ನದು. ನಿನ್ನ ಮಕ್ಕಳನ್ನು ಯಾರೂ ಎಂತದೂ ಹೇಳುವ ಹಾಗಿಲ್ಲ” ಎಂದೆ. ಹನೀಫ್ ತನ್ನ ಕ್ಯಾಮರಾದಲ್ಲಿ ಬಸ್ಸಿಯ ಬೆನ್ನಿನ ಫೋಟೋ ತೆಗೆದು ರೀಲು ನನ್ನ ಜೇಬಿಗೆ ಹಾಕಿದ.

ಬೆಳ್ತಂಗಡಿ

ಬಂದ ತಿಂಗಳಲ್ಲೇ ಅದ್ರಾಮಾಕನ ತಂಗಿಯ ಮೊಮ್ಮಗಳ ಮದುವೆ. ಪಾತ್ರೆ ನಮ್ಮದೇ. ಮಂಗಳೂರಿನಲ್ಲಿ ತೊಳೆಸಿದ ಫೋಟೋವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೋದೆ. ದಾರಿಯುದ್ದಕ್ಕೂ, ನಾಲ್ಕು ಹಿರಿಯರಿಗೆ ಮೆಲ್ಲಗೆ ಹೇಳಿದರೆ ಸಾಕಲ್ಲ ಎಂದು ನನ್ನೊಳಗಿನ ಹೆಬ್ಬೆರಳು ಪಿಸುಗುಡುತ್ತಲೇ ಇತ್ತು. ಆದರೆ ಬಸ್ಸಿ ಅದ್ರಾಮ ಎಂದವರು ಮೆಲ್ಲಗೆ ಅಂದಿರಲಿಲ್ಲ.

ಊಟ ಶುರುವಾಗುವ ಮೊದಲು ಚಪ್ಪರದ ನಡುವೆ ನಿಂತು ಹೇಳಿದೆ. “ಬಸ್ಸಿ ಕದ್ದದ್ದು ಅದ್ರಾಮಾಕ ಅಲ್ಲ. ಮಾರಿದ್ದು ನನ್ನ ಅಪ್ಪ. ಅಪ್ಪನ ಗೆರೆ ಇಲ್ಲುಂಟು, ನೋಡಿ.”

ಫೋಟೋ ಕೈಯಿಂದ ಕೈಗೆ ಹೋಯಿತು. ನೋಡಿದವರೆಲ್ಲ ಬಸ್ಸಿಯ ಎದುರುಬದಿ ಕಾಣುತ್ತದೋ ಏನೋ ಎಂದು ಫೋಟೋವನ್ನು ತಿರುಗಿಸಿ ಹಿಂದೆಯೂ ನೋಡಿದರು. ಅದ್ರಾಮಾಕನ ತಂಗಿ ಮಾತ್ರ ತಿರುಗಿಸಲಿಲ್ಲ. ಆ ಗೆರೆಯನ್ನೇ ನೋಡುತ್ತ, ಸೆರಗಿನಿಂದ ಫೋಟೋ ಒರೆಸಿ, ಕೆಳಗೆ ಬೀಳದ ಹಾಗೆ ಎರಡೂ ಕೈಯಲ್ಲಿ ಹಿಡಿದು ಪಕ್ಕದವರಿಗೆ ಕೊಟ್ಟರು.

ಅದ್ರಾಮಾಕ ಅಡುಗೆಯ ಕಡೆಯಿಂದ ಬಂದರು. ಕೈಯಲ್ಲಿ ಸಟ್ಟುಗವಿತ್ತು. ನನ್ನೆದುರು ನಿಂತು, ಇಡೀ ಚಪ್ಪರಕ್ಕೆ ಕೇಳುವಂತೆ, ಕಣ್ಣು ಮಿಟುಕಿಸಿ ಕೇಳಿದರು.

“ಬಸ್ಸಿ ಎಲ್ಲಿ ಶೇಖರ?”

ಚಪ್ಪರವೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಮೂಡಬಿದ್ರೆಯಿಂದ ಬೆಳ್ತಂಗಡಿವರೆಗೆ ನನ್ನ ಹೆಸರು ಈಗ ಬಸ್ಸಿ ಶೇಖರ. ಸಿಕ್ಕವರೆಲ್ಲ ಅದನ್ನೇ ಕೇಳುತ್ತಾರೆ, ನಾನು ನಗುತ್ತೇನೆ. ಎರಡೇ ವರ್ಷಕ್ಕೆ ಕೆನ್ನೆ ನೋಯುತ್ತಿದೆ. ಅವರು ಮೂವತ್ತು ವರ್ಷ ನಕ್ಕಿದ್ದರು.